ಕ್ರೈಸ್ತ ಶಿಕ್ಷಣದಲ್ಲಿ ಸಭಾಸಂಬದ್ಧ ಸಣ್ಣ ಕಾಲೇಜು: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ದೃಷ್ಟಿಯಿಂದ

ಕ್ರೈಸ್ತ ಸಭೆಯೊಂದರ ಆಶ್ರಯದಲ್ಲಿ ನಡೆಯುವ, ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಆವರಣದಲ್ಲಿ ವಾಸಮಾಡಿ ಒಂದೇ ಪ್ರಾರ್ಥನಾಮಂದಿರದಲ್ಲಿ ಕೂಡುವ, ವಿದ್ಯಾರ್ಥಿಗಳ ಸಂಖ್ಯೆ ಅಲ್ಪವಾದರೂ ಅವರಿಂದ ಉಪದೇಶ ಪಡೆಯುವ ಜನರ ಸಂಖ್ಯೆ ಬಹುವಾಗಿರುವ ವಿದ್ಯಾಲಯವನ್ನು ಸಭಾಸಂಬದ್ಧ ಸಣ್ಣ ಕಾಲೇಜು ಎಂದು ಇಲ್ಲಿ ಕರೆಯಲಾಗಿದೆ. ಕ್ರೈಸ್ತ ಶಿಕ್ಷಣವೆಂಬ ಮಾತು ನಮ್ಮ ನಾಡಿನಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತ ಬಂದಿದೆ. ಜಾತಿಮತಗಳ ಎಣಿಕೆಯಿಲ್ಲದೆ ಎಲ್ಲ ಮಕ್ಕಳಿಗೂ ಲೌಕಿಕವಿದ್ಯೆಯನ್ನು ನೀಡಲು ಕ್ರೈಸ್ತರು ತೆರೆದ ಶಾಲೆ, ಹೈಸ್ಕೂಲು, ಕಾಲೇಜುಗಳ ಕಾರ್ಯ ಒಂದು. ಸಭೆಯ ಒಳಗೆ, ತೊಟ್ಟಿಲ ಮಗುವಿನ ದೀಕ್ಷಾಸ್ನಾನದಿಂದ ಮೊದಲುಗೊಂಡು ಮುದುಕರ ಸತ್ಯವೇದಾಧ್ಯಯನದವರೆಗೆ, ವಿಶ್ವಾಸವನ್ನು ತಿಳಿವಿನೊಡನೆ ಬೆಸೆಯುವ ಕಾರ್ಯ ಇನ್ನೊಂದು. ಮೊದಲನೆಯದು ಜನರ ಕಣ್ಣಿಗೆ ಬೀಳುವಂಥದು, ಅದರ ಕೀರ್ತಿಯೂ ದೊಡ್ಡದು. ಎರಡನೆಯದು ಮನೆಯ ಒಳಗಿನ ಕೆಲಸದಂತೆ ಹೊರಗಿನವರಿಗೆ ಕಾಣದು. ಆದರೆ ಅದು ನಿಂತಿತೆಂದರೆ ಸಭೆಯೇ ನಿಂತಿತು. ಈ ಲೇಖನದ ವಿಷಯವು ಮುಖ್ಯವಾಗಿ ಈ ಎರಡನೆಯ ಕಾರ್ಯಕ್ಕೆ ಸೇರಿದ್ದು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಸಾಗುವ ರೈಲುಮಾರ್ಗದ ಮೇಲೆ ಒಂದರ ಮುಂದೊಂದು ನೆಲೆಸಿವೆ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಮುಂಚೆ, 1956ರ ಏಕೀಕರಣದವರೆಗೆ, ಮುಂಬಯಿ ಕರ್ನಾಟಕದ ದಕ್ಷಿಣದ ಅಂಚಿನಲ್ಲಿದ್ದು, ರಾಣೆಬೆನ್ನೂರಿನ ಆಚೆ ತುಂಗಭದ್ರೆಯನ್ನು ದಾಟಿದೊಡನೆ ಮೈಸೂರು ಸಂಸ್ಥಾನದ ಸೀಮೆ ಆರಂಭವಾಗುತ್ತಿತ್ತು. ಏಲಕ್ಕಿಯ ಹಾರಕ್ಕೆ ಹಾವೇರಿಯೂ, ಕೆಂಪು ಬಣ್ಣಕ್ಕೂ ಸುಕ್ಕುಗಟ್ಟಿದ ಸಿಪ್ಪೆಗೂ ಹೆಸರಾದ ಮೆಣಸಿನಕಾಯಿಗೆ ಬ್ಯಾಡಗಿಯೂ, ಹತ್ತಿ ಮತ್ತು ಬೀಜದ ವ್ಯಾಪಾರಕ್ಕೆ ರಾಣೆಬೆನ್ನೂರೂ ಪ್ರಸಿದ್ಧವಾಗಿವೆ. ಕನಕದಾಸರ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಮೈಲಾರಲಿಂಗನ ದೇವರಗುಡ್ಡ ರಾಣೆಬೆನ್ನೂರು ತಾಲ್ಲೂಕಿನಲ್ಲಿದೆ. ಸರ್ವಜ್ಞನ ಹೆಸರಿನೊಡನೆ ಜನಶ್ರುತಿಯು ಜೋಡಿಸಿದ ಅಬಲೂರು ಮತ್ತು ಮಾಸೂರುಗಳೂ ಇದೇ ಜಿಲ್ಲೆಯವು. ಇಂಥ ಸೀಮೆಯಲ್ಲಿ ಕ್ರೈಸ್ತರು ಜನಸಂಖ್ಯೆಯ ಶೇಕಡಾ ಒಂದಕ್ಕಿಂತಲೂ ಕಡಿಮೆ. ಪ್ರಾಟೆಸ್ಟಂಟ್ ಪರಂಪರೆಯಲ್ಲಿ ಈ ನೆಲವು ಧಾರವಾಡದಲ್ಲಿ ಕೇಂದ್ರವುಳ್ಳ ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ಯ, ಕರ್ನಾಟಕ ಉತ್ತರ ಸಭಾಪ್ರಾಂತಕ್ಕೆ ಸೇರಿದ್ದು. ಕಥೋಲಿಕರು ಬೆಳಗಾವಿ ಧರ್ಮಪ್ರಾಂತ್ಯದ ವ್ಯಾಪ್ತಿಯವರು. ಪ್ರಾಟೆಸ್ಟಂಟ್ ಸಭೆಗಳ ಪಾಲಕರು ಕನ್ನಡದಲ್ಲಿ ದೇವಶಾಸ್ತ್ರ ಕಲಿಯಬೇಕಾದರೆ ಘಟ್ಟ ಇಳಿದು ಮಂಗಳೂರಿನ ಬಲ್ಮಠದ ಗುಡ್ಡಕ್ಕೆ ಹೋಗಬೇಕು. ಅಲ್ಲಿಯ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಈ ಲೇಖನದ ಮುಖ್ಯ ನಿದರ್ಶನ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿಗೆ ಹಿಂದೂದೇಶದ ಬಾಗಿಲು ತೆರೆದದ್ದು 1833ರ ಚಾರ್ಟರ್ ಶಾಸನದಿಂದ. ಮರುವರ್ಷದ ಅಕ್ಟೋಬರ್ ತಿಂಗಳಲ್ಲಿ ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ದೃಷ್ಟಿ ಕರಾವಳಿಯಲ್ಲಿ ನಿಲ್ಲಲಿಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಎಂದು ಬಯಲುಸೀಮೆಯಲ್ಲಿ ಒಂದೊಂದೇ ಠಾಣೆ ಸ್ಥಾಪಿತವಾಯಿತು. ಗದಗಿನ ಸಮೀಪದ ಮಲಸಮುದ್ರದಲ್ಲಿ ಹೊಸ ಕ್ರೈಸ್ತರಿಗಾಗಿ ಒಕ್ಕಲುತನದ ಹಳ್ಳಿಯೊಂದನ್ನು ನಿರ್ಮಿಸುವ ಪ್ರಯೋಗವೂ ನಡೆದು, ಕೈಗೂಡದೆ ಹೋಯಿತು. ಊರಿಂದೂರಿಗೆ ಚಕ್ಕಡಿಯಲ್ಲಿಯೂ ಕಾಲ್ನಡಿಗೆಯಲ್ಲಿಯೂ ಸಂಚರಿಸಿ ಸಂತೆಗಳಲ್ಲಿ ಮಾತನಾಡುತ್ತಿದ್ದ ಈ ಪರದೇಶಿಗಳಿಗೆ ಬಹುಬೇಗ ಮನವರಿಕೆಯಾದ ಸಂಗತಿಯೆಂದರೆ, ತಾವೇ ಎಷ್ಟು ತಿರುಗಿದರೂ ಜನದ ಒಳಮನಸ್ಸನ್ನು ಮುಟ್ಟಲಾರೆವು, ಆ ಜನದೊಳಗೆ ಹುಟ್ಟಿ ಅವರ ನುಡಿಯಲ್ಲೇ ಬೆಳೆದವನು ಕಲಿತು ಉಪದೇಶಿಯಾಗದ ಹೊರತು ಸಭೆಯು ಬೇರೂರಲಾರದು, ಎಂಬುದು. ಸೆಮಿನರಿಯು ಹುಟ್ಟಿದ್ದು ಈ ಅರಿವಿನಿಂದ.

1836ರಲ್ಲಿ ಬಂದ ಹೆರ್ಮನ್ ಮ್ಯೋಗ್ಲಿಂಗ್ ಆ ಸೆಮಿನರಿಯ ನಿಜವಾದ ಶಿಲ್ಪಿ. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ದ ಸಂಪಾದಕನೆಂದು ಅವನ ಹೆಸರನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ, ಆದರೆ ಪತ್ರಿಕೆಗಿಂತ ಅವನಿಗೆ ಆಪ್ತವಾಗಿದ್ದುದು ಹುಡುಗರ ವಸತಿಶಾಲೆ. ಅವರ ಸಂಗಡ ಒಂದೇ ಮನೆಯಲ್ಲಿದ್ದು, ಅವರು ಉಣ್ಣುವುದನ್ನೇ ಉಂಡು, ಪಾಠ ಹೇಳುವುದರ ಜೊತೆಗೆ ಅವರಿಂದ ಕನ್ನಡದ ಗಾದೆ, ಕಥೆ, ಕೀರ್ತನೆಗಳನ್ನು ಕಲಿಯುತ್ತಿದ್ದ ಆ ಗುರು, ಯುರೋಪಿನ ಪದ್ಧತಿಯನ್ನು ಹಾಗೆಯೇ ಇಲ್ಲಿ ನೆಡುವುದರಲ್ಲಿ ನಂಬಿಕೆಯಿಲ್ಲದವನು. ಕಲೆಕ್ಟರನಾಗಿದ್ದ ಬ್ಲೇರ್ ಎಂಬವನು ಮಿಷನ್ನಿಗೆ ಕೊಟ್ಟ ಬಲ್ಮಠದ ಗುಡ್ಡದ ಮೇಲೆ 1847ರಲ್ಲಿ ಉಪದೇಶಿಗಳನ್ನು ಸಿದ್ಧಪಡಿಸುವ ಸೆಮಿನರಿಯು ಕ್ರಮಬದ್ಧವಾಯಿತು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನು ಮ್ಯೋಗ್ಲಿಂಗನೊಡನೆ ಬಾಸೆಲ್ಲಿಗೆ ಹೋಗಿ ಅಲ್ಲಿ ಕಲಿತು, 1851ರಲ್ಲಿ ಹಿಂದಿರುಗಿ, ಇದೇ ಸೆಮಿನರಿಯಲ್ಲಿ ಪಾಠ ಹೇಳಿದನು. ಕನ್ನಡನಾಡಿನ ಸಭೆಯ ಗುರುಪೀಠದಲ್ಲಿ ಈ ನಾಡಿನವನೇ ಕುಳಿತು ಕಲಿಸುವ ಸಂಪ್ರದಾಯಕ್ಕೆ ಅಷ್ಟು ಹಿಂದೆಯೇ ಅಡಿಗಲ್ಲು ಬಿತ್ತೆಂಬುದು ಗಮನಾರ್ಹ.

1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಮೊದಲು ನೆಲೆಸಿದುದು ಧಾರವಾಡದ ಸೀಮೆಯಲ್ಲಿ. ಆತನ ನಿಘಂಟು 1894ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವನು ಸಂಪಾದಿಸಿದ್ದನು. ಕ್ರೈಸ್ತ ಶಿಕ್ಷಣದ ದೃಷ್ಟಿಯಿಂದ ನೋಡಿದರೆ ಅವನ ‘ಕಥಾಮಾಲೆ’ಗೆ ಬೇರೆಯೇ ಒಂದು ಮಹತ್ವವುಂಟು. ಯೇಸುವಿನ ಚರಿತ್ರವನ್ನು ಕನ್ನಡದ ದೇಸೀ ಛಂದಸ್ಸಿನಲ್ಲಿ ಕಟ್ಟಿ 1862ರಲ್ಲಿ ಹೊರತಂದ ಆ ಕೃತಿಯು, ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸುವ ಪದ್ಧತಿಯ ಪಕ್ಕದಲ್ಲಿ, ಕೇಳುಗನ ಕಿವಿಗೆ ಆಗಲೇ ಪರಿಚಿತವಾದ ಲಯದಲ್ಲಿಯೇ ಸುವಾರ್ತೆಯನ್ನು ಹೇಳಬಹುದೆಂಬುದಕ್ಕೆ ಸಾಕ್ಷಿಯಾಯಿತು. ದೇಸೀ ಲಯದ ಈ ಹಾದಿಯನ್ನು ಸಭೆಯು ಮುಂದೆ ಸಾಕಷ್ಟು ತುಳಿಯಲಿಲ್ಲವೆಂಬುದು ಖೇದದ ಸಂಗತಿ.

ಆದರೂ ಆ ಪುಟ್ಟ ಸೆಮಿನರಿಯ ಸಾರ್ಥಕತೆಯನ್ನು ತಿಳಿಯಬೇಕಾದರೆ ಪರದೇಶಿ ಪಂಡಿತರ ಕೃತಿಗಳನ್ನಲ್ಲ, ಅಲ್ಲಿ ಕಲಿತ ಒಬ್ಬ ದೇಶೀಯ ಪಾಲಕನ ಬಾಳನ್ನು ನೋಡಬೇಕು. ಆತನೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ಸೆಮಿನರಿಯಲ್ಲಿ ದೇವಶಾಸ್ತ್ರವನ್ನು ಕಲಿತು, ಬಯಲುಸೀಮೆಯ ಸಭೆಗಳಲ್ಲಿ ಪಾಲಕರಾಗಿ ದುಡಿದರು. ಹಳ್ಳಿಗಳಲ್ಲಿ ಉಪದೇಶ ಮಾಡುತ್ತ ನಡೆದಾಗ ಜನರ ಬಾಯಲ್ಲಿ ತಾನಾಗಿ ಬರುತ್ತಿದ್ದ ಸರ್ವಜ್ಞನ ತ್ರಿಪದಿಗಳು ಅವರನ್ನು ಸೆಳೆದವು. ಓಲೆಗರಿಯ ಪ್ರತಿಗಳನ್ನು ಹುಡುಕಿ, ಬಾಯಿಪಾಠವಾಗಿ ಉಳಿದುದನ್ನು ಬರೆದುಕೊಂಡು, ಪಾಠಗಳನ್ನು ಒಂದಕ್ಕೊಂದು ಹೋಲಿಸಿ, ವಿಷಯಾನುಸಾರವಾಗಿ ವಿಂಗಡಿಸಿ, 1924ರಲ್ಲಿ ಅವರು ಹೊರತಂದ ‘ಸರ್ವಜ್ಞನ ವಚನಗಳು’ ಕನ್ನಡ ವಿದ್ವತ್ತಿನ ಮೈಲಿಗಲ್ಲುಗಳಲ್ಲೊಂದು. ಅಬಲೂರು ಮಾಸೂರುಗಳ ಕವಿಯನ್ನು ಸಮಗ್ರವಾಗಿ ನಾಡಿಗೆ ತಲುಪಿಸಿದವನು ಕ್ರೈಸ್ತ ಸಭೆಯ ಒಬ್ಬ ಪಾಲಕನೆಂಬುದನ್ನು ಹಾವೇರಿ ಜಿಲ್ಲೆಯ ಪ್ರತಿಯೊಂದು ಶಾಲೆಯ ಮಕ್ಕಳೂ ತಿಳಿದಿರಬೇಕಾದುದು ನ್ಯಾಯ.

ಚನ್ನಪ್ಪನವರ ಜಿಜ್ಞಾಸೆ ಅಲ್ಲಿಗೇ ನಿಲ್ಲಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕದಲ್ಲಿ ಅವರು ಹಿಂದೂ ಬಂಧುಗಳೊಡನೆ ವಾದಕ್ಕಿಳಿಯದೆ ಸ್ನೇಹದಿಂದ ಸಂಭಾಷಿಸಿದರು. ಶರಣರ ವಚನಗಳನ್ನು ಸಂಪಾದಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಸಂಶೋಧನಗ್ರಂಥವನ್ನು ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 1962ರಲ್ಲಿ ಅವರು ತೀರಿಕೊಂಡರು. ತಮ್ಮನ್ನು ತಾವು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡ ಆ ಮಹನೀಯನಲ್ಲಿ ಕ್ರಿಸ್ತನ ಮೇಲಿನ ನಿಷ್ಠೆಯೂ ಕನ್ನಡದ ಮೇಲಿನ ನಿಷ್ಠೆಯೂ ಪರಸ್ಪರ ಕಲಹವಿಲ್ಲದೆ ವಾಸಮಾಡಿದ್ದವು. ಇಂಥ ಮನಸ್ಸನ್ನು ಯಾವ ಪಠ್ಯಕ್ರಮವೂ ನಿಶ್ಚಯವಾಗಿ ಉತ್ಪಾದಿಸಲಾರದು. ಆದರೆ ಕನ್ನಡದಲ್ಲಿ ಪಾಠ ನಡೆಯುವ, ಗುರುಶಿಷ್ಯರ ನಡುವೆ ಮಾತಿಗೆ ಬಿಡುವಿರುವ, ವಿದ್ಯಾರ್ಥಿಯು ಹಳ್ಳಿಯ ಹಾದಿಯನ್ನು ಮರೆಯದಂತೆ ನೋಡಿಕೊಳ್ಳುವ ಸಣ್ಣ ವಿದ್ಯಾಲಯದಲ್ಲಿ ಅದು ಹುಟ್ಟುವ ಸಂಭವ ಹೆಚ್ಚು. ಸಹಸ್ರಾರು ವಿದ್ಯಾರ್ಥಿಗಳ ಮಹಾವಿದ್ಯಾಲಯಕ್ಕೆ ಈ ಬಿಡುವು ಇರುವುದಿಲ್ಲ.

ತುಂಗಭದ್ರೆಯ ಆಚೆಯ ಕಥೆ ಬೇರೆಯಾಗಿಯೇ ಬೆಳೆಯಿತು. ಮೈಸೂರು ಸಂಸ್ಥಾನದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು ಕೆಲಸಮಾಡುತ್ತಿದ್ದರು; ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ಅವರ ಕನ್ನಡ ಸೇವೆಯ ಠಾಣೆಯೊಂದನ್ನು ತೆರೆದನು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನೆಲೆಸಿ ಸತ್ಯವೇದವನ್ನು ಕನ್ನಡಕ್ಕೆ ತರುವ ಮಹಾಕಾರ್ಯದಲ್ಲಿ ತೊಡಗಿದ್ದನು. ಈ ಭಾಗದ ಉಪದೇಶಿಗಳಿಗೆ ತುಮಕೂರಿನ ಯೂನಿಯನ್ ಕನಾರೀಸ್ ಸೆಮಿನರಿಯು ಗುರುಕುಲವಾಯಿತು. ಹೀಗೆ ಹರಿಹರದ ಸೇತುವೆಯ ಈ ತುದಿಯ ರಾಣೆಬೆನ್ನೂರಿನ ಕ್ರೈಸ್ತನಿಗೆ ಬಲ್ಮಠದಲ್ಲಿ ಕಲಿತ ಪಾಲಕನೂ, ಆ ತುದಿಯ ಹರಿಹರದವನಿಗೆ ತುಮಕೂರಿನಲ್ಲಿ ಕಲಿತ ಪಾಲಕನೂ ದೊರೆಯುತ್ತ, ಒಂದೇ ನುಡಿಯ ಎರಡು ದಂಡೆಗಳ ಜನ ಎರಡು ಬಗೆಯ ಆರಾಧನಕ್ರಮವನ್ನೂ ಎರಡು ಹಾಡಿನ ಪುಸ್ತಕಗಳನ್ನೂ ಹಿಡಿದು ನಡೆದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಗಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದಾದ ಮೇಲೆ, ಎರಡು ಸೆಮಿನರಿಗಳು ಬೇರೆಬೇರೆ ನಡೆಯುವುದಕ್ಕೆ ಕಾರಣವು ಕ್ರಮೇಣ ಸವೆಯಿತು. 1965ರಲ್ಲಿ ಅವೆರಡೂ ಕೂಡಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆದವು. ರಾಜ್ಯದ ಏಕೀಕರಣವಾಗಿ ಒಂಬತ್ತು ವರ್ಷಗಳ ತರುವಾಯ ನಡೆದ ಈ ವಿದ್ಯಾಸಂಯೋಗವನ್ನು ಕರ್ನಾಟಕದ ಇತಿಹಾಸಕಾರರು ಏಕೀಕರಣದ ಕಥೆಯೊಳಗೆ ಸೇರಿಸಿ ಹೇಳುವುದಿಲ್ಲ, ಸೇರಿಸಬೇಕಾದುದು ಅವಶ್ಯ.

ಈ ಕಾಲೇಜು ಪದವಿ ನೀಡುವುದು ಶ್ರೀರಾಮಪುರದ ಸೆನೆಟ್ಟಿನ ಅಧೀನದಲ್ಲಿ. 1818ರಲ್ಲಿ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬವರು ಬಂಗಾಳದ ಶ್ರೀರಾಮಪುರದಲ್ಲಿ ಸ್ಥಾಪಿಸಿದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸನಿಂದ ಪದವಿ ಪ್ರದಾನದ ಸನ್ನದು ದೊರೆಯಿತು. 1918ರ ಬಂಗಾಳ ಶಾಸನವು ಅದಕ್ಕೆ ಇಂದಿನ ಆಡಳಿತರೂಪವನ್ನು ಕೊಟ್ಟು, ದೇಶದ ಇತರ ದೇವಶಾಸ್ತ್ರ ಕಾಲೇಜುಗಳೂ ಅದರೊಡನೆ ಸಂಯೋಜಿತವಾಗುವ ಮಾರ್ಗವನ್ನು ತೆರೆಯಿತು. ಪರೀಕ್ಷೆ, ಪಠ್ಯಕ್ರಮ, ಪದವಿಗಳಿಗೆ ಅಖಿಲಭಾರತ ಮನ್ನಣೆ ಬಂದುದು ಇದರ ಲಾಭ. ಆದರೆ ಒಂದು ಅಪಾಯವೂ ಇದರಲ್ಲಿ ಅಡಗಿದೆ. ಉಚ್ಚ ಅಧ್ಯಯನದ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ, ಉತ್ತಮ ವಿದ್ಯಾರ್ಥಿಯ ಮನಸ್ಸು 1910ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನತ್ತ, ಅಲ್ಲಿಂದ ಪರದೇಶದತ್ತ ಹರಿಯುವುದು ಸಹಜ. ಕನ್ನಡದಲ್ಲಿ ಕಲಿಯುವುದನ್ನು ಕೆಳದರ್ಜೆಯೆಂದು ಎಣಿಸುವ ದುರಭ್ಯಾಸವೂ ಇದರ ಬೆನ್ನ ಹಿಂದೆಯೇ ಬರುತ್ತದೆ. 1938ರಲ್ಲಿ ತಾಂಬರಮ್ಮಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಮಿಷನರಿ ಸಮ್ಮೇಳನವು ಪಾಲಕರ ಶಿಕ್ಷಣವನ್ನು ಕ್ರೈಸ್ತಕಾರ್ಯದ ಅತ್ಯಂತ ದುರ್ಬಲ ಭಾಗಗಳಲ್ಲೊಂದೆಂದು ಗುರುತಿಸಿತ್ತು. ಆ ದೌರ್ಬಲ್ಯಕ್ಕೆ ಮದ್ದು ಇನ್ನಷ್ಟು ಉಚ್ಚ ಪದವಿಗಳಲ್ಲಿಲ್ಲ, ಜನಭಾಷೆಯಲ್ಲಿ ನಡೆಯುವ ಗಾಢವಾದ ಅಧ್ಯಯನದಲ್ಲಿದೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಅದು ಹೇಗೆಂಬುದನ್ನು ತಿಳಿಯಲು ಬ್ಯಾಡಗಿಯಂಥ ಊರಿನ ಒಬ್ಬ ಪಾಲಕನ ಕೆಲಸವನ್ನು ಹತ್ತಿರದಿಂದ ಭಾವಿಸಿ ನೋಡಬೇಕು. ಸುಗ್ಗಿಯಲ್ಲಿ ಮೆಣಸಿನಕಾಯಿಯ ಚೀಲಗಳು ಪೇಟೆಯನ್ನು ತುಂಬಿ, ಗಾಳಿಯೇ ಘಾಟಾಗಿ ಹೊಸಬನು ಸೀನದೆ ನಿಲ್ಲಲಾರದಂಥ ದಿನಗಳಲ್ಲಿ, ಕಾಯಿಯ ತೊಟ್ಟು ಮುರಿಯುವ ಹೆಣ್ಣುಮಕ್ಕಳು ಮೂಗುಬಾಯಿಗೆ ಸೆರಗು ಸುತ್ತಿಕೊಂಡು ಹೊತ್ತು ಮುಳುಗುವವರೆಗೆ ಕುಳಿತಿರುತ್ತಾರೆ. ಹಮಾಲರಿಗೆ ರವಿವಾರವೆಂಬ ವಿಶ್ರಾಂತಿ ಎಲ್ಲ ವಾರವೂ ಸಿಗುವುದಿಲ್ಲ. ಇಂಥ ದುಡಿಮೆಯ ಜನರ ನಡುವೆ ಬಾಳುವ ಪಾಲಕನು, ದ್ರಾಕ್ಷಾತೋಟಕ್ಕೆ ದಿನಗೂಲಿಗೆ ಹೋದ ಆಳುಗಳ ಸಾಮ್ಯವನ್ನು ವ್ಯಾಖ್ಯಾನಿಸಬೇಕಾದರೆ, ಪ್ಯಾಲೆಸ್ತೀನದ ದೀನಾರದ ಬೆಲೆಯನ್ನು ಮಾತ್ರ ತಿಳಿದಿದ್ದರೆ ಸಾಲದು. ಪೇಟೆಯ ಕೂಲಿಯ ದರವನ್ನೂ, ಮುಂಗಡ ಪಡೆದವರ ಸಂಕಟವನ್ನೂ ತಿಳಿದಿರಬೇಕು. ಸಭೆಯ ತಾಯಂದಿರು ಆಡುವ ಕನ್ನಡದಲ್ಲಿ, ಧಾರವಾಡದ ಕಡೆಯ ಏರಿಳಿತದಲ್ಲಿ, ಆ ಮಾತು ಹೊರಡಬೇಕು. ಮೂಲಗ್ರೀಕಿನ ಅರ್ಥವನ್ನು ಕಲಿತುಬಂದು ಅದನ್ನು ಈ ಏರಿಳಿತಕ್ಕೆ ತರುವ ಶಕ್ತಿಯೇ ದೇವಶಾಸ್ತ್ರ ಶಿಕ್ಷಣದ ಅಂತಿಮ ಪರೀಕ್ಷೆ; ಅದನ್ನು ಯಾವ ಸೆನೆಟ್ಟಿನ ಪ್ರಶ್ನಪತ್ರಿಕೆಯೂ ಅಳೆಯಲಾರದು.

ಉಪದೇಶವು ಪಾಲಕನ ಕೆಲಸದ ಒಂದಂಶವಷ್ಟೆ. ರವಿವಾರ ಶಾಲೆಯೇ ಸಭೆಯ ನಿಜವಾದ ಪ್ರಾಥಮಿಕ ಪಾಠಶಾಲೆ. ಆರಾಧನೆಗೆ ಮುಂಚೆ ಮಕ್ಕಳು ಜಮಖಾನೆಯ ಮೇಲೆ ಕೂತು ಹಾಡು ಕಲಿಯುತ್ತಾರೆ, ಕಂಠಪಾಠದ ವಚನ ಒಪ್ಪಿಸುತ್ತಾರೆ, ಯೋಸೇಫನ ಅಥವಾ ದಾವೀದನ ಕಥೆ ಕೇಳುತ್ತಾರೆ. ಬೇಸಿಗೆಯ ಬಿಡುವಿನಲ್ಲಿ ರಜಾ ಬೈಬಲ್ ಶಾಲೆ ನಡೆಯುತ್ತದೆ. ತಾರುಣ್ಯಕ್ಕೆ ಕಾಲಿಟ್ಟವರಿಗೆ ಕರ್ತನ ಭೋಜನಕ್ಕೆ ಮುಂಚಿನ ದೃಢೀಕರಣದ ತರಗತಿಯಲ್ಲಿ ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆಗಳ ಅರ್ಥವನ್ನು ಪ್ರಶ್ನೋತ್ತರ ರೂಪದಲ್ಲಿ ಹೇಳಿಕೊಡಲಾಗುತ್ತದೆ. ಈ ತರಗತಿಗಳನ್ನು ನಡೆಸುವವರು ಬಹುಪಾಲು ಸಂಬಳವಿಲ್ಲದ ತರುಣತರುಣಿಯರು. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಐದು ವರ್ಷದ ಮಕ್ಕಳಿಗೆ ಒಳ್ಳೆಯ ಸಮಾರ್ಯದವನ ಕಥೆಯನ್ನು ಹೇಳುವಾಗ, ‘ನಮ್ಮ ಊರಿನಲ್ಲಿ ಆ ಹಾದಿಯ ಬದಿಯಲ್ಲಿ ಬಿದ್ದವರು ಯಾರು’ ಎಂದು ಕೇಳುವ ಧೈರ್ಯ ಅವಳಿಗೆ ಬಂದರೆ, ಅದು ಪಾಲಕನು ಅವಳನ್ನು ತಯಾರುಮಾಡಿದ ಫಲ. ಪಾಲಕನಿಗೆ ಆ ಕಲೆ ಬಂದಿದ್ದರೆ ಅದು ಅವನ ಕಾಲೇಜಿನ ಫಲ. ಬಲ್ಮಠದಂಥ ಕಡೆ ಐವತ್ತು ಜನ ಕಲಿತರೂ ಅದರ ಪರಿಣಾಮವು ನೂರಾರು ಸಭೆಗಳಿಗೆ ಹಬ್ಬುವುದು ಹೀಗೆ. ನಾಲ್ಕೈದು ವರ್ಷಗಳ ಅಧ್ಯಯನದ ನಡುವೆ ವಿದ್ಯಾರ್ಥಿಯನ್ನು ಸಭೆಯೊಂದರಲ್ಲಿ ಪ್ರಾಯೋಗಿಕ ಸೇವೆಗೆ ಕಳುಹಿಸುವ ಕ್ರಮವಿರುವುದು ಈ ಕಾರಣದಿಂದಲೇ. ಬಯಲುಸೀಮೆಯ ಸಭೆಗಳು ಆ ವಿದ್ಯಾರ್ಥಿಗಳನ್ನು ಹಾಡು ಹೇಳಿಸುವ ಅತಿಥಿಗಳಂತೆ ಕಾಣದೆ ಕೆಲಸ ಕಲಿಯಲು ಬಂದವರಂತೆ ದುಡಿಸಿಕೊಳ್ಳುವುದು ಒಳ್ಳೆಯದು.

ಸ್ತ್ರೀಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಿಷನ್ನಿನ ಮೊದಲ ಶತಮಾನದಲ್ಲಿ ಹಳ್ಳಿಯ ಮನೆಗಳ ಒಳಗೆ ಹೋಗಿ ಸತ್ಯವೇದವನ್ನು ಓದಿ ಹೇಳುತ್ತಿದ್ದ ಬೈಬಲ್ ಸ್ತ್ರೀಯರು ಇಲ್ಲದಿದ್ದರೆ ಮನೆಯ ಹೆಣ್ಣುಮಕ್ಕಳಿಗೆ ಯಾವ ಉಪದೇಶವೂ ತಲುಪುತ್ತಿರಲಿಲ್ಲ. ಆದರೂ ಅವರ ಹೆಸರುಗಳು ವರದಿಗಳಲ್ಲಿ ವಿರಳ, ಅವರಿಗೆ ದೊರೆತ ಶಿಕ್ಷಣ ಅತ್ಯಲ್ಪ. 1976ರಲ್ಲಿ ಸಿ.ಎಸ್.ಐ. ಮೊದಲ ಬಾರಿಗೆ ಸ್ತ್ರೀಯೊಬ್ಬರಿಗೆ ಪಾಲಕದೀಕ್ಷೆಯನ್ನು ನೀಡಿದ ಮೇಲೆ, ದೇವಶಾಸ್ತ್ರ ಕಾಲೇಜಿನ ಬೆಂಚಿನ ಮೇಲೆ ಹೆಣ್ಣುಮಕ್ಕಳು ಸಹಪಾಠಿಗಳಾಗಿ ಕೂಡುವುದಕ್ಕೆ ಪೂರ್ಣವಾದ ಅರ್ಥ ಬಂದಿತು. ತೊಟ್ಟು ಮುರಿಯುವ ಹೆಣ್ಣುಮಕ್ಕಳ ನೋವನ್ನು ಬಲ್ಲ ಪಾಲಕಿಯೊಬ್ಬಳು ಬ್ಯಾಡಗಿಯ ಸೀಮೆಗೆ ಎಷ್ಟು ಅವಶ್ಯಕವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರೈಸ್ತ ಶಿಕ್ಷಣದ ಮೊದಲನೆಯ ಅರ್ಥಕ್ಕೆ, ಎಂದರೆ ಲೌಕಿಕವಿದ್ಯೆಗೆ, ಸಂಬಂಧಿಸಿದ ಸಂಸ್ಥೆಗಳನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಬಹುದು. 1854ರ ವುಡ್ಡನ ನಿರೂಪವು ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನವನ್ನು ವಿಧಿಸಿದ ಮೇಲೆ ಮಿಷನ್ ಶಾಲೆಗಳು ವೃದ್ಧಿಹೊಂದಿದವು. ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಭದ್ರಪಡಿಸಿತು. ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ಹೈಸ್ಕೂಲೂ, ನಿಘಂಟುಕಾರನ ಹೆಸರನ್ನು ಹೊತ್ತ ಕಿಟ್ಟೆಲ್ ಕಾಲೇಜೂ ಈ ಪರಂಪರೆಯವು. ಹಾವೇರಿಯ ಕಡೆಯ ವಿದ್ಯಾರ್ಥಿಗೆ ಧಾರವಾಡವೇ ಬಹುಕಾಲ ಉಚ್ಚಶಿಕ್ಷಣದ ಊರಾಗಿತ್ತು. ಹಾವೇರಿಯಲ್ಲಿ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರಿನ ಕಾಲೇಜು ಸ್ಥಾಪಿತವಾದ ಮೇಲೆ ಆ ಕೊರತೆ ನೀಗತೊಡಗಿತು, ಇದು ಕೆ.ಎಲ್.ಇ. ಸಂಸ್ಥೆಯ ಸೇವೆ, ಕ್ರೈಸ್ತಸಭೆಯದಲ್ಲ. ಇದರಿಂದ ಒಂದು ಸತ್ಯ ವ್ಯಕ್ತವಾಗುತ್ತದೆ: ಮಠಗಳೂ ಶಿಕ್ಷಣಸಂಸ್ಥೆಗಳೂ ಸರಕಾರವೂ ಲೌಕಿಕವಿದ್ಯೆಯ ಭಾರವನ್ನು ಹೊತ್ತಿರುವಾಗ, ಅಲ್ಪಸಂಖ್ಯೆಯ ಸಭೆಯು ತನ್ನ ಅಲ್ಪಧನವನ್ನು ಎಲ್ಲಿ ವ್ಯಯಿಸಬೇಕೆಂಬ ಪ್ರಶ್ನೆಗೆ ಹಳೆಯ ಉತ್ತರವು ಇನ್ನು ಸಲ್ಲದು. 1931ರಲ್ಲಿ ವರದಿ ಸಲ್ಲಿಸಿದ ಲಿಂಡ್ಸೆ ಆಯೋಗವು ಕ್ರೈಸ್ತ ಕಾಲೇಜುಗಳು ಪದವೀಧರರನ್ನು ಹೆಚ್ಚಿಸುವ ಸ್ಪರ್ಧೆಯನ್ನು ಬಿಟ್ಟು, ಸುತ್ತಲಿನ ಹಳ್ಳಿಗಳ ಬಾಳನ್ನು ಅಧ್ಯಯನಮಾಡಿ ಆ ಜ್ಞಾನವನ್ನು ಹಳ್ಳಿಗಳಿಗೇ ತಲುಪಿಸುವ ಸಂಶೋಧನ-ವಿಸ್ತರಣ ಕಾರ್ಯಕ್ಕೆ ಕೈಹಾಕಬೇಕೆಂದು ಸೂಚಿಸಿತ್ತು. ಆ ಸಲಹೆಯು ದೊಡ್ಡ ಕಾಲೇಜುಗಳಿಗಾಗಿ ಬರೆದದ್ದು. ಆದರೆ ಅದನ್ನು ಪಾಲಿಸಲು ಹೆಚ್ಚು ಯೋಗ್ಯವಾದುದು, ಪ್ರತಿ ವಿದ್ಯಾರ್ಥಿಯನ್ನೂ ಒಂದೊಂದು ಹಳ್ಳಿಗೆ ಕಳುಹಿಸುವ ದೇವಶಾಸ್ತ್ರ ಕಾಲೇಜು.

ಕಥೋಲಿಕ ಸಭೆಯಲ್ಲಿ ಗುರುಗಳ ಶಿಕ್ಷಣವು ಬೇರೆ ವ್ಯವಸ್ಥೆಗೆ ಒಳಪಟ್ಟಿದೆ. 1879ರಲ್ಲಿ ಸ್ಥಾಪಿತವಾದ ಮಂಗಳೂರಿನ ಜೆಪ್ಪು ಸಂತ ಜೋಸೆಫರ ಸೆಮಿನರಿಯು ಆ ಪರಂಪರೆಯ ಪ್ರಾಚೀನ ವಿದ್ಯಾಪೀಠ. ಮರುವರ್ಷ ಅದೇ ನಗರದಲ್ಲಿ ಜೆಸ್ವಿತರು ಸಂತ ಅಲೋಷಿಯಸ್ ಕಾಲೇಜನ್ನು ತೆರೆದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಲ್ಯಾಟಿನ್ನಿನ ಬದಲು ಜನಭಾಷೆಯಲ್ಲಿ ಪೂಜೆಯನ್ನು ನಡೆಸಲು ಅನುಮತಿಸಿದ್ದರಿಂದ ಕನ್ನಡದ ಪೂಜಾಕ್ರಮಕ್ಕೂ ಗೀತೆಗಳಿಗೂ ಹೊಸ ಜೀವ ಬಂದಿತು. ಬಲ್ಮಠದಲ್ಲಿ ಎರಡು ಸೆಮಿನರಿಗಳು ಒಂದಾದುದೂ ಆ ಮಹಾಸಭೆಯು ಮುಗಿದುದೂ ಒಂದೇ ವರ್ಷವೆಂಬುದು ಕಾಕತಾಳೀಯವಾದರೂ, ಕನ್ನಡ ಕ್ರೈಸ್ತ ಶಿಕ್ಷಣದ ಚರಿತ್ರೆಯಲ್ಲಿ 1965ನೆಯ ಇಸವಿಗೆ ಅದರಿಂದ ವಿಶೇಷ ಸ್ಥಾನ ಸಲ್ಲುತ್ತದೆ.

ಸಣ್ಣ ಕಾಲೇಜಿನ ಕಷ್ಟಗಳು ಗುಪ್ತವಾದವಲ್ಲ. ಅಧ್ಯಾಪಕರು ಕೆಲವರೇ ಆದುದರಿಂದ ಒಬ್ಬೊಬ್ಬರು ಹಲವು ವಿಷಯಗಳ ಭಾರವನ್ನು ಹೊರಬೇಕಾಗುತ್ತದೆ. ಕನ್ನಡದಲ್ಲಿ ದೇವಶಾಸ್ತ್ರದ ಪಠ್ಯಗ್ರಂಥಗಳು ಬೇಡಿಕೆಗೆ ತಕ್ಕಷ್ಟು ಇಲ್ಲ, ಅಚ್ಚಾದವುಗಳ ಮರುಮುದ್ರಣ ನಿಧಾನ. ಬುದ್ಧಿಶಾಲಿಯಾದ ಹುಡುಗನನ್ನು ಪಾಲಕನಾಗಲು ಕಳುಹಿಸುವುದಕ್ಕಿಂತ ಇಂಜಿನಿಯರಿಂಗಿಗೆ ಕಳುಹಿಸುವುದು ಲೇಸೆಂದು ತಂದೆತಾಯಂದಿರು ಎಣಿಸುತ್ತಾರೆ. ಇವುಗಳಲ್ಲಿ ಹಣದಿಂದ ನೀಗುವ ಕೊರತೆ ಸ್ವಲ್ಪ, ಮನಸ್ಸಿನಿಂದ ನೀಗಬೇಕಾದುದು ಬಹಳ. ಉತ್ತರ ಸಭಾಪ್ರಾಂತದ ಹಿರಿಯರು ಹಾವೇರಿ, ರಾಣೆಬೆನ್ನೂರುಗಳಂಥ ಸಭೆಗಳಿಂದ ಪ್ರತಿ ವರ್ಷ ಯೋಗ್ಯರಾದ ಒಬ್ಬಿಬ್ಬರನ್ನಾದರೂ ಆರಿಸಿ, ಅವರ ಓದಿನ ವೆಚ್ಚವನ್ನು ಸಭೆಯೇ ಹೊರುವಂತೆ ಮಾಡಿದರೆ, ಪಾಲಕನು ಎಲ್ಲಿಂದಲೋ ನೇಮಕವಾಗಿ ಬರುವ ಅಧಿಕಾರಿಯಾಗದೆ ಊರಿನ ಮಗನಾಗುವನು.

ಇನ್ನೊಂದು ಕರ್ತವ್ಯ ಉಳಿದಿದೆ. ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿನ ಕಾಲದ ಮುದ್ರಿತ ಪುಸ್ತಕಗಳೂ ಹಸ್ತಪ್ರತಿಗಳೂ ದಾಖಲೆಗಳೂ ಸಂಗ್ರಹವಾಗಿವೆ. ಮಿಷನ್ನಿನ ಮೂಲ ವರದಿಗಳೂ ಛಾಯಾಚಿತ್ರಗಳೂ ಬಾಸೆಲ್ ನಗರದ ದಾಖಲೆಮನೆಯಲ್ಲಿವೆ. ಬಯಲುಸೀಮೆಯ ಒಂದೊಂದು ಸಭೆಯ ಚರಿತ್ರೆಯನ್ನು ಬರೆಯಲು ಈ ಆಧಾರಗಳು ಬೇಕು. ಆದರೆ ಇವುಗಳಲ್ಲಿ ಮಾತನಾಡುವವರು ಹೆಚ್ಚಾಗಿ ಪರದೇಶಿ ಮಿಷನರಿಗಳು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಕ್ರೈಸ್ತಮನೆಗಳ ಪೆಟ್ಟಿಗೆಗಳಲ್ಲಿ ಹಳೆಯ ಸಂಗೀತಪುಸ್ತಕ, ಅಜ್ಜನ ಉಪದೇಶದ ಟಿಪ್ಪಣಿ, ದೀಕ್ಷಾಸ್ನಾನದ ಪತ್ರ, ಬೋರ್ಡಿಂಗ್ ಶಾಲೆಯ ಒಂದು ಚಿತ್ರಪಟ ಏನೇ ಉಳಿದಿರಲಿ, ಅದನ್ನು ಗೆದ್ದಲಿಗೂ ರದ್ದಿಯವನಿಗೂ ಒಪ್ಪಿಸದೆ ಬಲ್ಮಠದ ಪತ್ರಾಗಾರಕ್ಕೆ ಕೊಡಬೇಕೆಂದೂ, ಕೊಡಲು ಮನಸ್ಸಿಲ್ಲದವರು ಅದರ ಪ್ರತಿಯನ್ನಾದರೂ ತೆಗೆಯಿಸಿ ಕಳುಹಿಸಬೇಕೆಂದೂ, ಆ ಮನೆಗಳ ಹಿರಿಯರಲ್ಲಿ ಈ ಲೇಖಕನ ವಿನಂತಿ.